ನವೆಂಬರ್ 1ರ ರಜೆಗೆ ಬೋಟು, ದಡದಲ್ಲಿ ಓಡಾಟ, ಹೊರಗೆ ಊಟ: ಹಾಸನದಿಂದ ಎಲ್ಲಿಗೆ?

ಹಾಸನದ ಆಲೂಗಡ್ಡೆ:
ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ರಜೆಗೆ ಬೆಂಗಳೂರಿನಿಂದ ಅಕ್ಕ, ಭಾವ, ಅವರ ಮಕ್ಕಳು ಬರುತ್ತಿದ್ದಾರೆ. ಅಮ್ಮನೂ ಜೊತೆಗೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಮಕ್ಕಳಿಗೆ ಬೋಟು ಬೇಕೇ ಬೇಕು. ಅಕ್ಕನಿಗೆ ನೀರಿನ ಪಕ್ಕ ಸುಮ್ನೆ ನಡೆಯಬೇಕು. ಭಾವನಿಗೆ ಊಟ ಚೆನ್ನಾಗಿದ್ದರೆ ಸಾಕು, ಎಲ್ಲಿಗೆ ಕರೆದುಕೊಂಡು ಹೋದರೂ ಬರುತ್ತಾರೆ.

ನಾನು ಹಾಕಿದ ಲೆಕ್ಕ ಹೀಗಿದೆ. ಬೆಳಿಗ್ಗೆ ಗೊರೂರು ಡ್ಯಾಂ, ಹಾಗೇ ಶೆಟ್ಟಿಹಳ್ಳಿ ಚರ್ಚು. ಮಧ್ಯಾಹ್ನ ಬೇಲೂರಿನಲ್ಲಿ ಊಟ, ಯಗಚಿ ಡ್ಯಾಮಿನಲ್ಲಿ ಬೋಟು. ಸಂಜೆ ಚಿಕ್ಕಮಗಳೂರು ದಾಟಿ ಹಿರೇಕೊಳಲೆ ಕೆರೆಯಲ್ಲಿ ಸೂರ್ಯಾಸ್ತ. ರಾತ್ರಿ ಚಿಕ್ಕಮಗಳೂರಿನಲ್ಲೇ ಊಟ ಮುಗಿಸಿ ವಾಪಸ್. ಆಗುತ್ತಾ?

ಶಿಲಾಬಾಲಿಕೆ:
ಆಗುತ್ತದೆ, ಯಾರೂ ಕಾರಿನಿಂದ ಕೆಳಗೆ ಇಳಿಯದಿದ್ದರೆ.

ನಾನು ಬೇಲೂರಿನವಳು, ಅದಕ್ಕೇ ಹೇಳುತ್ತಿದ್ದೇನೆ. ಹಾಸನದಿಂದ ಗೊರೂರು ಒಂದು ದಿಕ್ಕು, ಬೇಲೂರು ಇನ್ನೊಂದು ದಿಕ್ಕು. ಹಾಸನದಿಂದ ನಮ್ಮೂರಿಗೆ ಸುಮಾರು 40 ಕಿ.ಮೀ., ನಮ್ಮೂರಿನಿಂದ ಚಿಕ್ಕಮಗಳೂರಿಗೆ 25, ಅಲ್ಲಿಂದ ಹಿರೇಕೊಳಲೆಗೆ ಮತ್ತೆ 10. ಅಷ್ಟನ್ನೂ ರಾತ್ರಿ ವಾಪಸ್ ಬರಬೇಕು. ಮಂಡಿ ನೋವಿರುವವರಿಗೆ ಮೆಟ್ಟಿಲಿಗಿಂತ ಕಾರಿನ ಹಿಂದಿನ ಸೀಟು ಕಷ್ಟ, ಅಲ್ವಾ? ಒಂದು ನೀರು ಹಿಡಿದುಕೊಳ್ಳಿ ಅಣ್ಣ. ಅದರ ಸುತ್ತ ದಿನ ಕಳೆಯಿರಿ.

ಗೊರೂರು ಹಿನ್ನೀರು:
ಒಂದೇ ಅಂದರೆ ನಮ್ಮ ಗೊರೂರು, ಅದರಲ್ಲಿ ಮಾತೇ ಇಲ್ಲ. ಹೇಮಾವತಿ ಡ್ಯಾಂ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ, 37 ಟಿಎಂಸಿಗಿಂತ ಸ್ವಲ್ಪ ಹೆಚ್ಚು ನೀರು. ಹಿನ್ನೀರು ಎಲ್ಲಿಂದ ಎಲ್ಲಿಗೆ ಹರಡಿದೆ ಅಂತ ದಡದಲ್ಲಿ ನಿಂತರೆ ಗೊತ್ತೇ ಆಗುವುದಿಲ್ಲ. ಇನ್ನು ಶೆಟ್ಟಿಹಳ್ಳಿ ಚರ್ಚು. 1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಡ್ಯಾಂ ಆದ ಮೇಲೆ ಊರು ಎದ್ದು ಹೋಯಿತು, ಚರ್ಚು ಮಾತ್ರ ಉಳಿಯಿತು. ಮಳೆಗಾಲ ಮುಗಿದ ಹೊಸದರಲ್ಲಿ ಅರ್ಧ ನೀರೊಳಗೆ ಇರುತ್ತದೆ. ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಫೋಟೋದಲ್ಲಿ ನೋಡಿದವರು ಯಾವುದೋ ವಿದೇಶ ಅಂದುಕೊಳ್ಳುತ್ತಾರೆ.

ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ದಡದಲ್ಲಿ ನಡೆಯುವುದು ಅಕ್ಕ ಅಂದುಕೊಂಡ ಹಾಗಿರುವುದಿಲ್ಲ. ನೀರು ಇಳಿದ ಜಾಗ ಮೇಲಿಂದ ನೋಡಿದರೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗಟ್ಟಿ ನೆಲ ಅಂತ ಕಾಲಿಟ್ಟರೆ ಒಳಗೆ ಗೋಡು ಮಣ್ಣು ಇನ್ನೂ ಹಸಿ. ಮೊಣಕಾಲವರೆಗೆ ಹೋಗುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಕಾರು ತೀರಾ ಹತ್ತಿರಕ್ಕೆ ಇಳಿಸಿದವರು ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಂಡಿದ್ದನ್ನು ನೋಡಿದ್ದೇನೆ. ಹುಲ್ಲು ಇರುವವರೆಗೆ ಮಾತ್ರ ನಡೆಯಿರಿ, ಹುಲ್ಲು ನಿಂತ ಕಡೆ ನೀವೂ ನಿಲ್ಲಿ. ಚರ್ಚಿನ ಗೋಡೆ ಹತ್ತಲೇಬೇಡಿ. ವರ್ಷ ವರ್ಷ ನೀರಲ್ಲಿ ನೆಂದು ಒಣಗುವ ಕಟ್ಟಡ, ಒಂದಷ್ಟು ಈಗಾಗಲೇ ಬಿದ್ದಿದೆ.

ಹಾಸನದ ಆಲೂಗಡ್ಡೆ:
ಹಾಗಾದರೆ ಅಮ್ಮನಿಗೆ ಗೊರೂರು ಬೇಡ ಅನ್ನಿಸುತ್ತಿದೆ. ಮಕ್ಕಳು ಗೋಡು ಅಂದರೆ ಬೇಕಂತಲೇ ಇಳಿಯುವ ಜಾತಿ.

ಗೊರೂರು ಹಿನ್ನೀರು:
ಮೀನಿಗಾದರೂ ಬನ್ನಿ ಮಾರಾಯ್ರೆ. ಹಿನ್ನೀರಿನ ಮೀನು ಅದೇ ದಿನ ಹಿಡಿದದ್ದು ಸಿಕ್ಕಿದರೆ ಮಸಾಲೆಯೇ ಬೇಡ. ಉಪ್ಪು, ಖಾರದ ಪುಡಿ, ಅರಿಶಿನ, ಹುಳಿ, ಕಾವಲಿ. ಜಿಲೇಬಿ ಮೀನು ಫ್ರೈಗೆ, ಕಾಟ್ಲಾ ಸಾರಿಗೆ. ಇದು ನನ್ನ ಕಡೆಯ ವಾದ.

ಲಕ್ಕವಳ್ಳಿ ದಂಡೆ:
ಬೋಟು ಅಂದರೆ ಭದ್ರಾ ಹಿನ್ನೀರು. ಲಕ್ಕವಳ್ಳಿಯ ಭದ್ರಾ ಡ್ಯಾಂ ತುಂಬಿದರೆ 186 ಅಡಿ ಆಳ, 71 ಟಿಎಂಸಿ ದಾಟುತ್ತದೆ. ಹೇಮಾವತಿಯ ಹತ್ತಿರ ಹತ್ತಿರ ಎರಡರಷ್ಟು. ಹಿನ್ನೀರಿನ ಆ ಕಡೆ ದಡ ಪೂರ್ತಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಬೋಟಿನಲ್ಲಿ ಕೂತು ಆನೆ ನೀರು ಕುಡಿಯುವುದನ್ನು ನೋಡಬಹುದು. ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಅಲ್ಲೇ ಇದೆ.

ಫಿಲ್ಟರ್ ಕಾಫಿ:
ಸರ್, ಹಾಸನದಿಂದ ಲಕ್ಕವಳ್ಳಿಗೆ ಹೋಗಿ ಅದೇ ದಿನ ವಾಪಸ್ ಬರುವುದಾ? ಹೋಗುವುದಕ್ಕೇ ನೂರು ಕಿಲೋಮೀಟರ್ ಮೇಲಾಗುತ್ತದೆ. ಬೋಟಿನಲ್ಲಿ ಕೂತಿದ್ದಕ್ಕಿಂತ ತರೀಕೆರೆ ರೋಡಿನಲ್ಲಿ ಕೂತಿದ್ದೇ ಜಾಸ್ತಿ ಆಗುತ್ತದೆ.

ಲಕ್ಕವಳ್ಳಿ ದಂಡೆ:
ಒಪ್ಪಿದೆ. ಒಂದು ರಾತ್ರಿ ಉಳಿಯುವವರಿಗೆ ಹೇಳಿದ್ದು. ಇನ್ನೊಂದು, ನವೆಂಬರ್‌ನಲ್ಲಿ ರಿವರ್ ಟರ್ನ್ ಹಕ್ಕಿ ಗೂಡು ನೋಡಲು ಬಂದರೆ ನಿರಾಸೆ ಆಗುತ್ತದೆ. ಡ್ಯಾಂ ತುಂಬಿರುವಾಗ ನಡುಗಡ್ಡೆಗಳು ನೀರೊಳಗೆ. ನಾಲೆಗೆ ನೀರು ಬಿಟ್ಟು ಮಟ್ಟ ಇಳಿದ ಮೇಲೆ ಒಂದೊಂದೇ ಮೇಲೆ ಬರುತ್ತವೆ. ಆ ಬೋಳು ನೆಲದ ಮೇಲೇ ಹಕ್ಕಿಗಳು ಮೊಟ್ಟೆ ಇಡುತ್ತವೆ, ಕಡ್ಡಿ ಕಸ ಏನೂ ಇಲ್ಲ. ಫೆಬ್ರವರಿಯಿಂದ ಮೇ ಒಳಗೆ ಬನ್ನಿ. ಕಪ್ಪು ಟೋಪಿ, ಹಳದಿ ಕೊಕ್ಕು, ದೂರದಿಂದಲೇ ಗುರುತು ಸಿಗುತ್ತದೆ.

ಕಡೂರು ಎಕ್ಸ್‌ಪ್ರೆಸ್:
ಅಯ್ಯನಕೆರೆ ಯಾರೂ ಹೇಳಲಿಲ್ಲವಲ್ಲ! ಸಖರಾಯಪಟ್ಟಣದ ಹತ್ತಿರ, ಶಕುನಗಿರಿ ಬುಡದಲ್ಲಿ. ರುಕ್ಮಾಂಗದ ರಾಯ ಕಟ್ಟಿಸಿದ ಅಂತ ಪ್ರತೀತಿ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಏರಿ ಭದ್ರ ಮಾಡಿಸಿದರಂತೆ. ವೇದಾ ನದಿಗೆ ಈ ಕೆರೆಯ ನೀರೇ. ಏರಿ ಮೇಲೆ ನಡೆದರೆ ಒಂದು ಕಡೆ ಗುಡ್ಡ, ನೀರು. ಇನ್ನೊಂದು ಕಡೆ ತೆಂಗು, ಅಡಿಕೆ, ಗದ್ದೆ. ಕೋಡಿ ಬಿದ್ದ ವರ್ಷ ಕಡೂರು ಕಡೆಯವರೆಲ್ಲ ಅಲ್ಲೇ ಇರುತ್ತಾರೆ.

ಶಿಲಾಬಾಲಿಕೆ:
ಅಣ್ಣ, ಅಲ್ಲಿ ನಡಿಗೆ ಸಿಗುತ್ತದೆ. ಬೋಟು? ಊಟ?

ಕಡೂರು ಎಕ್ಸ್‌ಪ್ರೆಸ್:
ಊಟ ಮನೆಯಿಂದ ಕಟ್ಟಿಕೊಂಡು ಬರಬೇಕು. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಏರಿ ಕೆಳಗೆ ಮರದ ನೆರಳು. ಅದಕ್ಕಿಂತ ಏನು ಬೇಕು ಮನುಷ್ಯನಿಗೆ?

ಹಾಸನದ ಆಲೂಗಡ್ಡೆ:
ಭಾವ ಚಿತ್ರಾನ್ನಕ್ಕೆ ಒಪ್ಪುವ ಪೈಕಿ ಅಲ್ಲ. ಹಿರೇಕೊಳಲೆ ಹೇಗೆ, ಫಿಲ್ಟರ್ ಕಾಫಿಯವರೇ?

ಫಿಲ್ಟರ್ ಕಾಫಿ:
ಸಂಜೆಗೆ ಚೆನ್ನ. ಸುತ್ತ ಗುಡ್ಡ, ಮಧ್ಯೆ ಕೆರೆ, ಬಿಸಿಲು ಇಳಿಯುವ ಹೊತ್ತಿಗೆ ನೀರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆದರೆ ಅದು ನಮ್ಮ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಬೋಟು ಕೇಳಬೇಡಿ, ಇಳಿದು ಈಜುವುದಂತೂ ಬೇಡವೇ ಬೇಡ. ರಜೆ ಮುಗಿದ ಮರುದಿನ ಏರಿ ಮೇಲೆ ಹೋಗಿ ನೋಡಿ. ಚಿಪ್ಸ್ ಪ್ಯಾಕೆಟ್ಟು, ಬಿಯರ್ ಬಾಟಲಿ, ಹುಟ್ಟುಹಬ್ಬದ ಕೇಕಿನ ಡಬ್ಬ. ನಲ್ಲಿ ತಿರುಗಿಸಿದರೆ ನಮ್ಮ ಮನೆಗೆ ಬರುವುದು ಅದೇ ನೀರು ಸ್ವಾಮಿ. ಈ ವಿಷಯ ಬಂದರೆ ನನಗೆ ಬಿಪಿ ಏರುತ್ತದೆ, ಕ್ಷಮಿಸಿ.

ಊಟದ ವಿಷಯ: ಚಿಕ್ಕಮಗಳೂರಿಗೆ ಬರುವುದೇ ಆದರೆ ಬೆಳಿಗ್ಗೆ ಬನ್ನಿ, ಟೌನ್ ಕ್ಯಾಂಟೀನ್‌ನಲ್ಲಿ ಮಸಾಲೆ ದೋಸೆ ತಿನ್ನಿ. ರಜೆ ದಿನ ಕಾಯಬೇಕಾಗುತ್ತದೆ, ಕಾಯಿರಿ.

ತೋಟದ ಮನೆ:
ಮೂಡಿಗೆರೆಯಿಂದ ನಮಸ್ಕಾರ. ನನ್ನ ಓಟು ಯಗಚಿಗೆ. ಕಾರಣ ಸರಳ: ಬೋಟು, ದಡ, ಊಟ ಮೂರೂ ಒಂದು ಹತ್ತು ನಿಮಿಷದ ಒಳಗೆ ಇರುವ ಜಾಗ ನಮ್ಮ ಎರಡು ಜಿಲ್ಲೆಯಲ್ಲಿ ಅದೊಂದೇ. ಡ್ಯಾಂ ಬೇಲೂರಿನ ಪಕ್ಕದಲ್ಲೇ ಇದೆ. ಗೊರೂರಿನವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಯಗಚಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ, ಕೊನೆಗೆ ಸೇರುವುದು ಗೊರೂರಿನ ಹತ್ತಿರ ಹೇಮಾವತಿಗೆ. ಬೇಲೂರಿನಲ್ಲಿ ಬೋಟು ಹತ್ತಿದ ನೀರು ಹೇಗೂ ಅವರ ಡ್ಯಾಮಿಗೇ ಹೋಗುತ್ತದೆ.

ಬೋಟಿಗೆ ಬೆಳಿಗ್ಗೆಯೇ ಹೋಗಿ. ಹೊತ್ತು ಏರಿದ ಮೇಲೆ ಗಾಳಿ ಏಳುತ್ತದೆ, ಬಯಲು ನೀರಲ್ಲಿ ಸಣ್ಣ ಅಲೆಯೂ ಸಣ್ಣ ಬೋಟನ್ನು ಕುಣಿಸುತ್ತದೆ. ವಯಸ್ಸಾದವರಿಗೆ ಅದು ಹಿಂಸೆ. ಹೊರಡುವ ಮುಂಚೆ ಫೋನ್ ಮಾಡಿ ಬೋಟು ಬಿಡುತ್ತಿದ್ದಾರಾ ಅಂತ ಕೇಳಿಕೊಳ್ಳಿ. ಮಳೆ, ಗಾಳಿ, ಡ್ಯಾಮಿನ ಕೆಲಸ, ಏನಾದರೊಂದು ಕಾರಣಕ್ಕೆ ನಿಲ್ಲಿಸಿರುತ್ತಾರೆ.

ಸುಮ್ನೆ ಓದುವವಳು:
ಮೊದಲ ಸಲ ಬರೆಯುತ್ತಿದ್ದೇನೆ. ಲೈಫ್ ಜಾಕೆಟ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ. ಹೋದ ವರ್ಷ ಒಂದು ಕೆರೆಗೆ ಹೋಗಿದ್ದೆವು. ಹೆಸರು ಬೇಡ, ಇಲ್ಲಿ ಬಂದಿರುವ ಯಾವುದೂ ಅಲ್ಲ. ನನ್ನ ಆರು ವರ್ಷದ ಮಗಳಿಗೆ ದೊಡ್ಡವರ ಜಾಕೆಟ್ ಕೊಟ್ಟು "ಏನಾಗಲ್ಲ ಮೇಡಂ, ಹತ್ತು ನಿಮಿಷ ಅಷ್ಟೇ" ಅಂದರು. ಭುಜದ ಹತ್ತಿರ ಹಿಡಿದು ಮೇಲೆ ಎಳೆದೆ. ಜಾಕೆಟ್ ಪೂರ್ತಿ ಅವಳ ತಲೆ ಮೇಲೆ ಬಂತು, ಮಗು ಕೆಳಗೇ ಉಳಿಯಿತು. ನೀರಿಗೆ ಬಿದ್ದರೆ ಆಗುವುದೂ ಅದೇ. ನಾವು ಹತ್ತಲಿಲ್ಲ. ದುಡ್ಡು ವಾಪಸ್ ಕೊಡಲಿಲ್ಲ, ಜಗಳ ಆಡಿದ್ದಷ್ಟೇ ಬಂತು.

ಮಕ್ಕಳ ಜಾಕೆಟ್ಟಿಗೆ ತೊಡೆ ಸಂದಿಯಿಂದ ಬರುವ ಪಟ್ಟಿ ಇದೆಯಾ ನೋಡಿ, ಬಕಲ್ ಎಲ್ಲವೂ ಕೂರುತ್ತವಾ ನೋಡಿ. ಎಳೆದು ನೋಡಿ. ಆಮೇಲೆ ಟಿಕೆಟ್ ತೆಗೆಸಿ. ಮೊದಲು ಟಿಕೆಟ್ ತೆಗೆಸಿದರೆ ನಮ್ಮ ಬಾಯಿ ಕಟ್ಟಿದ ಹಾಗೆ.

ತೋಟದ ಮನೆ:
ತುಂಬಾ ಒಳ್ಳೆಯ ಮಾತು ಅಕ್ಕ. ಇದನ್ನು ಮೇಲೆ ಪಿನ್ ಮಾಡಬೇಕು.

ಗೊರೂರು ಹಿನ್ನೀರು:
ಜೊತೆಗೆ ಇನ್ನೊಂದು. ಬೋಟಿನಲ್ಲಿ ಫೋಟೋಗೆ ಎಲ್ಲರೂ ಒಂದೇ ಕಡೆ ಬರುವುದು. ಮುಗುಚುವುದು ಹೆಚ್ಚಾಗಿ ಅಲ್ಲೇ.

ಶಿಲಾಬಾಲಿಕೆ:
ಸರಿ, ಯಗಚಿ ಅಂತ ಆದ ಮೇಲೆ ನನ್ನ ಸಲಹೆ. ಬೋಟು ಮುಗಿಸಿ ನೇರ ಊಟಕ್ಕೆ ಬನ್ನಿ, ಒಂದು ಗಂಟೆ ಹೊಡೆಯುವ ಮೊದಲು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ರಜೆ ದಿನ ನಮ್ಮೂರಲ್ಲಿ ಕಾಲಿಡಲು ಜಾಗ ಇಲ್ಲ. ಒಂದೂವರೆಗೆ ಬಂದರೆ ಮುದ್ದೆ ಖಾಲಿ, ಎರಡು ಗಂಟೆಗೆ ಬಂದರೆ ಫ್ರೈಡ್ ರೈಸ್ ಒಂದೇ. ದೇವಸ್ಥಾನ ಆ ದಿನ ಬಿಟ್ಟುಬಿಡಿ. 1117ರಿಂದ ಇದೆ, ಇನ್ನೊಂದು ದಿನಕ್ಕೂ ಇರುತ್ತದೆ.

ಸಂಜೆ ಹಿರೇಕೊಳಲೆ ಬದಲು ಹಳೇಬೀಡಿನ ದ್ವಾರಸಮುದ್ರ ಕೆರೆ. ನಮ್ಮೂರಿನಿಂದ 16 ಕಿ.ಮೀ., ಹಾಸನಕ್ಕೆ ವಾಪಸ್ ಹೋಗುವುದಕ್ಕೂ ಅಲ್ಲಿಂದಲೇ ದಾರಿ ಇದೆ. ಹೊಯ್ಸಳರ ರಾಜಧಾನಿಗೆ ಹೆಸರು ಬಂದಿದ್ದೇ ಆ ಕೆರೆಯಿಂದ. ಜನ ದೇವಸ್ಥಾನ ನೋಡಿ ಬಸ್ ಹತ್ತುತ್ತಾರೆ, ಹಿಂದುಗಡೆ ಅಷ್ಟು ದೊಡ್ಡ ಕೆರೆ ಇರುವುದನ್ನು ತಿರುಗಿ ನೋಡುವುದಿಲ್ಲ. ಏರಿ ಸಮತಟ್ಟು, ಅಮ್ಮನವರಿಗೂ ಆಗುತ್ತದೆ.

ಕಡೂರು ಎಕ್ಸ್‌ಪ್ರೆಸ್:
ಹಳೇಬೀಡು ಅಂದರೆ ಹುಲಿಕೆರೆ ಕೊಳ ಬಿಡಬೇಡಿ. ಪಕ್ಕದ ಊರು. ಹೊಯ್ಸಳರ ಕಾಲದ ಕಲ್ಯಾಣಿ, ಸುತ್ತ ಪುಟ್ಟ ಪುಟ್ಟ ಗುಡಿ. ಮೆಟ್ಟಿಲಿದೆ, ಅಮ್ಮ ಮೇಲೇ ನಿಂತು ನೋಡಬಹುದು.

ಶಿಲಾಬಾಲಿಕೆ:
ಒಂದೇ ನೀರು ಅಂತ ಹೇಳಿ ಹೇಳಿ ಈಗ ಮೂರನೆಯದಕ್ಕೆ ಬಂದೆವು, ನೋಡಿ!

ಹಾಸನದ ಆಲೂಗಡ್ಡೆ:
ಹೋಗಿ ಬಂದೆವು. ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ಉದ್ದ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗವಾಗಲಿ.

ಹಾಸನದಿಂದ ಬೆಳಿಗ್ಗೆ ಬೇಗ ಬಿಟ್ಟೆವು. ದಾರಿಯಲ್ಲಿ ಊರೂರಿನಲ್ಲಿ ಹಳದಿ ಕೆಂಪು ಬಾವುಟ, ಶಾಲೆ ಮಕ್ಕಳ ಮೆರವಣಿಗೆ. ಒಂದು ಕಡೆ ಭುವನೇಶ್ವರಿ ಚಿತ್ರ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಸುಮಾರು ಹೊತ್ತು ನಿಧಾನಕ್ಕೆ ಹೋದೆವು. ಭಾವ ಇಡ್ಲಿ ಇಡ್ಲಿ ಅಂತ ಶುರು ಮಾಡಿದರು. ಬೇಲೂರಿಗೆ ಬಂದು ತಿಂಡಿ ಮುಗಿಸಿ ಯಗಚಿಗೆ ಹೋದಾಗ ಇನ್ನೂ ಜನ ಕಡಿಮೆ.

ಮಕ್ಕಳು ಜೆಟ್ ಸ್ಕೀ ನೋಡಿದ ತಕ್ಷಣ ಉಳಿದದ್ದೆಲ್ಲ ಮರೆತರು. ಭಾವ ದೊಡ್ಡವನನ್ನು ಕೂರಿಸಿಕೊಂಡು ಹೋದರು, ಚಿಕ್ಕವಳಿಗೆ ಕಯಾಕ್ ಸಾಕು ಅಂದೆವು, ಅವಳು ಸಾಕಾಗಲಿಲ್ಲ ಅಂದಳು. ಓದುವವಳು ಅಕ್ಕ ಹೇಳಿದ ಹಾಗೆ ಜಾಕೆಟ್ ಭುಜ ಹಿಡಿದು ಎಳೆದೆ. ಮೊದಲನೆಯದು ಕಿವಿಯವರೆಗೆ ಬಂತು. ಅಲ್ಲಿದ್ದ ಹುಡುಗ ಏನೂ ಮಾತಾಡದೆ ಒಳಗೆ ಹೋಗಿ ಚಿಕ್ಕದು ತಂದ. ಅದು ಕದಲಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಮನೆಯವರೂ ನೋಡಿ ತಮ್ಮ ಮಕ್ಕಳದ್ದು ಎಳೆದು ನೋಡಿದರು.

ಅಮ್ಮನ ವಿಷಯ. ಮೋಟಾರ್ ಬೋಟಿಗೆ ಹತ್ತಿಸುವುದು ಹೇಗೆ ಅನ್ನುವುದೇ ದೊಡ್ಡ ಚಿಂತೆಯಾಗಿತ್ತು. ಕಟ್ಟೆಗೂ ಬೋಟಿಗೂ ನಡುವೆ ಒಂದು ಗೇಣು ಸಂದು, ಆ ಸಂದು ಸುಮ್ಮನೆ ಇರುವುದಿಲ್ಲ, ಹಿಗ್ಗುತ್ತದೆ, ಕುಗ್ಗುತ್ತದೆ. ಬೋಟಿನವರು ಅಮ್ಮನನ್ನು ನಿಂತ ಹಾಗೇ ಇಳಿಸಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂರಿಸಿದರು, ಎರಡೂ ಕಾಲು ಬೋಟಿನೊಳಗೆ ಇಡಿಸಿದರು, ಆಮೇಲೆ ಇಬ್ಬರು ತೋಳು ಹಿಡಿದು ಎಬ್ಬಿಸಿದರು. ಮಂಡಿ ಮೇಲೆ ಭಾರವೇ ಬೀಳಲಿಲ್ಲ. ಮನೆಯಲ್ಲಿ ವಯಸ್ಸಾದವರು ಇರುವವರು ಇದನ್ನು ನೆನಪಿಟ್ಟುಕೊಳ್ಳಿ, ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ಸೀರೆ ಬದಲು ಚೂಡಿದಾರ್ ಹಾಕಿಸಿಕೊಂಡು ಹೋಗಿದ್ದೂ ಒಳ್ಳೆಯದಾಯಿತು. ಅದಕ್ಕೆ ಒಪ್ಪಿಸಲು ಅಕ್ಕ ಹಿಂದಿನ ರಾತ್ರಿ ಪೂರ್ತಿ ಪಟ್ಟು ಹಿಡಿದಿದ್ದಳು.

ನೀರು ತುಂಬಿತ್ತು, ಗಾಳಿ ಇರಲಿಲ್ಲ. ಬೋಟು ನಡುವಿಗೆ ಹೋದ ಮೇಲೆ ದೂರದಲ್ಲಿ ಚಿಕ್ಕಮಗಳೂರು ಕಡೆ ಗುಡ್ಡಗಳು ಕಂಡವು. ಎಂಜಿನ್ನಿನ ಹೊಗೆ ವಾಸನೆ ಅಂತ ಅಮ್ಮ ಸೆರಗು ಹುಡುಕಿದರು, ಇರಲಿಲ್ಲ, ದುಪಟ್ಟಾ ಮೂಗಿಗೆ ಹಿಡಿದರು. ಅದೊಂದು ಬಿಟ್ಟರೆ ಇಳಿಯುವಾಗ "ಇಷ್ಟೇನಾ?" ಅಂದರು. ನಾವು ವಾಪಸ್ ಬರುವಷ್ಟರಲ್ಲಿ ಟಿಕೆಟ್ ಸಾಲು ಗೇಟಿನ ಹತ್ತಿರ ಹೋಗಿತ್ತು. ಬೇಗ ಹೋಗಿ ಅಂದಿದ್ದು ಗಾಳಿಗೆ ಅಲ್ಲ, ಈ ಸಾಲಿಗೇ ಅನ್ನಿಸಿತು.

ಊಟ. ಹೋಟೆಲ್ ಹೆಸರು ಹಾಕುವುದಿಲ್ಲ, ಆಮೇಲೆ ಇಲ್ಲಿ ಅದಕ್ಕೇ ನಾಲ್ಕು ದಿನ ಜಗಳ ಆಗುತ್ತದೆ. ಮುದ್ದೆ, ಬಸ್ಸಾರು, ಪಲ್ಯ, ಹಪ್ಪಳ. ನಾನ್ ವೆಜ್ ಕಡೆ ಅಕ್ಕಿ ರೊಟ್ಟಿ, ನಾಟಿ ಕೋಳಿ ಸಾರು. ಬಸ್ಸಾರಿಗೆ ಬೇಳೆ ಬಸಿದ ಕಟ್ಟು ಸರಿಯಾಗಿ ಬಿದ್ದಿತ್ತು, ಬೆಳ್ಳುಳ್ಳಿ ಮುಂದೆ ಬಂದಿತ್ತು. ಅಕ್ಕಿ ರೊಟ್ಟಿ ಮಾತ್ರ ಮೊದಲೇ ಬೇಯಿಸಿಟ್ಟು ಬಿಸಿ ಮಾಡಿದ್ದು. ಅಂಚು ಚರ್ಮದಂತಾಗಿತ್ತು. ಭಾವ ಮುದ್ದೆಗೆ ಬದಲಾದರು. ನಾವು ಕೈ ತೊಳೆಯುವಾಗ ಪಕ್ಕದ ಮೇಜಿನವರಿಗೆ "ಮುದ್ದೆ ಮುಗೀತು ಸಾರ್" ಅನ್ನುವುದು ಕೇಳಿಸಿತು. ಗಂಟೆ ಇನ್ನೂ ಒಂದೂವರೆ ಆಗಿರಲಿಲ್ಲ. ಶಿಲಾಬಾಲಿಕೆ ಅಕ್ಕ, ನಿಮ್ಮ ಕಾಲಿಗೆ ಬಿದ್ದೆ.

ಹಳೇಬೀಡಿನಲ್ಲಿ ಬಿಸಿಲು ತಗ್ಗಿದ ಮೇಲೆ ಏರಿ ಮೇಲೆ ನಡೆದೆವು. ನನಗೆ ಇಡೀ ದಿನದಲ್ಲಿ ಅದೇ ಹೆಚ್ಚು ಇಷ್ಟವಾಯಿತು. ಬೋಟಿನಲ್ಲಿ ಎಲ್ಲರೂ ಕೂಗಾಡುತ್ತಿದ್ದೆವು. ಇಲ್ಲಿ ಇಬ್ಬಿಬ್ಬರಾಗಿ ಮಾತಾಡಿಕೊಂಡು ಹೋದೆವು. ಅಕ್ಕನ ಜೊತೆ ಹೀಗೆ ಮಾತಾಡಿ ತುಂಬಾ ದಿನ ಆಗಿತ್ತು. ನೀರಂಚಿನಲ್ಲಿ ನಾಮದ ಕೋಳಿಗಳು, ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ. ಹುಲಿಕೆರೆ ಆಗಲಿಲ್ಲ, ಮಕ್ಕಳು ಕಾರಿನಲ್ಲಿ ನಿದ್ದೆ ಹೋಗಿದ್ದರು.

ತೋಟದ ಮನೆ:
ಭಲೇ. ಅಮ್ಮನವರನ್ನು ಕೂರಿಸಿ ಹತ್ತಿಸಿದ ಉಪಾಯ ನಮ್ಮ ಅಪ್ಪನಿಗೆ ಜೀಪಿಗೂ ಆಗುತ್ತದೆ.

ಫಿಲ್ಟರ್ ಕಾಫಿ:
ಅಕ್ಕಿ ರೊಟ್ಟಿ ವಿಷಯ ಸತ್ಯ. ರಜೆ ದಿನ ಹೋಟೆಲಿನಲ್ಲಿ ಅಕ್ಕಿ ರೊಟ್ಟಿ ಕೇಳಬಾರದು. ಅದು ಕೈಯಲ್ಲಿ ತಟ್ಟಿ, ಬೇಯುತ್ತಿದ್ದ ಹಾಗೆ ತಟ್ಟೆಗೆ ಬರಬೇಕು. ಐವತ್ತು ಜನ ಕೂತಿರುವ ಕಡೆ ಯಾರು ತಟ್ಟುತ್ತಾರೆ? ಕಡುಬು ಕೇಳಿ, ಅದು ಕಾಯುತ್ತದೆ.

ಗೊರೂರು ಹಿನ್ನೀರು:
ಅಕ್ಕಿ ರೊಟ್ಟಿಗೆ ಹೊಟ್ಟೆ ಉರಿದುಕೊಂಡ ಭಾವನನ್ನು ಮುಂದಿನ ಸಲ ಇಲ್ಲಿಗೆ ಕಳಿಸಿ. ಮೀನು ಕಾವಲಿಯಿಂದ ನೇರ ತಟ್ಟೆಗೆ.

ಲಕ್ಕವಳ್ಳಿ ದಂಡೆ:
ಮುಂದಿನ ಸಲ ಫೆಬ್ರವರಿ ಆಗಿರಲಿ, ಹಕ್ಕಿ ಬಂದಿರುತ್ತವೆ. ಇಲ್ಲಿರುವವರೇ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬನ್ನಿ, ಒಂದು ರಾತ್ರಿ ಉಳಿಯುವ ಲೆಕ್ಕಕ್ಕೆ. ರೂಮು ಮುಂಚೆಯೇ ಬುಕ್ ಮಾಡಬೇಕು, ಶನಿವಾರ ಭಾನುವಾರ ಬೇಗ ತುಂಬುತ್ತದೆ. ನಡುಗಡ್ಡೆಗೆ ಇಳಿಯಬೇಕು ಅಂತ ಬೋಟಿನವರನ್ನು ಪೀಡಿಸುವವರು ಮಾತ್ರ ಬೇಡ. ದೊಡ್ಡ ಹಕ್ಕಿ ಎದ್ದರೆ ಬಿಸಿಲಿಗೆ ಮೊಟ್ಟೆ ಹಾಳು.

ತೋಟದ ಮನೆ:
ನಾನು ಬರುತ್ತೇನೆ, ಆದರೆ ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ನಡೆಯುವ ಸಮಯ ಅದು. ಆಳು ಸಿಕ್ಕಿದ ವಾರ ನನ್ನನ್ನು ಲೆಕ್ಕದಿಂದ ಬಿಡಿ, ಸಿಗದ ವಾರ ಫೋನ್ ಮಾಡಿ.

ಸುಮ್ನೆ ಓದುವವಳು:
ನಮ್ಮದು ಮೂರು ಜನ. ಮಕ್ಕಳ ಜಾಕೆಟ್ ನಾನೇ ಒಂದು ಕೊಂಡುಕೊಂಡಿದ್ದೇನೆ, ತರುತ್ತೇನೆ.

ಹಾಸನದ ಆಲೂಗಡ್ಡೆ:
ನಮ್ಮ ಕಡೆಯಿಂದ ಎಷ್ಟು ಜನ ಅಂತ ಭಾವನನ್ನು ಕೇಳಿ ಹೇಳುತ್ತೇನೆ. ಅವರ ಮೊದಲ ಪ್ರಶ್ನೆ ಗೊತ್ತಲ್ಲ: ಲಕ್ಕವಳ್ಳಿಯಲ್ಲಿ ಊಟ ಎಲ್ಲಿ?